ಅಡುಗೆಮನೆಯಲ್ಲಿ ಮದ್ದು ಹುಡುಕುವ ಕಂಪ್ಯೂಟರ್

ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ ಕುಡಿಯಿರಿ, ಮೆಂತೆಕಾಳು ನೆನೆಸಿ ತಿನ್ನಿರಿ ಅಂತ ನಿಮಗೂ ಯಾರಾದರೂ ಹೇಳಿರಬಹುದು. ‘ಕಂಪ್ಯೂಟರೇ ಇದನ್ನು ಹೇಳಿದೆ, ಇನ್ನು ಗುಳಿಗೆ ಬೇಡ’ ಎನ್ನುವವರೂ ಇದ್ದಾರೆ. ಕಂಪ್ಯೂಟರ್ ನಿಜವಾಗಿ ಏನು ಹೇಳುತ್ತದೆ? ನೋಡೋಣ ಬನ್ನಿ.

ನಾವು ಜೋಳದ ರೊಟ್ಟಿ ತಿನ್ನುತ್ತೇವೆ. ರೊಟ್ಟಿಯಲ್ಲಿ ಪಿಷ್ಟ ಇದೆ. ಕರುಳಿನಲ್ಲಿರುವ ಕಿಣ್ವಗಳು ಎಂಬ ವಸ್ತುಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಆ ಸಕ್ಕರೆ ರಕ್ತಕ್ಕೆ ಸೇರುತ್ತದೆ. ಕಿಣ್ವದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಒಡೆಯುವ ಕೆಲಸ ನಡೆಯುವುದು ಅಲ್ಲೇ. ಕೀಲಿಯ ತೂತಿನಲ್ಲಿ ಕಡ್ಡಿ ಸಿಕ್ಕಿಕೊಂಡರೆ ಕೀಲಿಕೈ ಒಳಗೆ ಹೋಗುತ್ತದೆಯೇ? ಹಾಗೆಯೇ ಗುಂಡಿಯಲ್ಲಿ ಬೇರೆ ವಸ್ತು ಕುಳಿತರೆ ಕಿಣ್ವದ ಕೆಲಸ ನಿಧಾನವಾಗುತ್ತದೆ. ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಅಕಾರ್ಬೋಸ್ ಎಂಬ ಗುಳಿಗೆ ಮಾಡುವುದು ಇದನ್ನೇ.

ಹಾಗಲಕಾಯಿ, ಮೆಂತೆ, ಉಳ್ಳಾಗಡ್ಡಿ, ಅರಿಷಿಣ, ಒಂದೊಂದರಲ್ಲೂ ಬಹಳಷ್ಟು ವಸ್ತುಗಳಿವೆ. ಎಲ್ಲವನ್ನೂ ಬೇರ್ಪಡಿಸಿ ಪರೀಕ್ಷಿಸಲು ವರ್ಷಗಟ್ಟಲೆ ಬೇಕು. ಆದ್ದರಿಂದ ಕಿಣ್ವದ ಆಕಾರವನ್ನೂ ವಸ್ತುವಿನ ಆಕಾರವನ್ನೂ ಕಂಪ್ಯೂಟರಿಗೆ ಕೊಡುತ್ತಾರೆ. ಅದು ವಸ್ತುವನ್ನು ತಿರುಗಿಸಿ, ಬಾಗಿಸಿ, ಗುಂಡಿಯಲ್ಲಿ ಕೂಡಿಸಿ ನೋಡುತ್ತದೆ. ಎಷ್ಟು ಬಿಗಿಯಾಗಿ ಕೂಡಬಹುದು ಅಂತ ಅಂಕ ಕೊಡುತ್ತದೆ. ಇಂಥ ಹುಡುಕಾಟಕ್ಕೆ ನೆರವಾಗಲೆಂದು ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯವರು 2018ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ನಮ್ಮ ದೇಶದ 1,742 ಔಷಧಿ ಗಿಡಗಳ 9,596 ವಸ್ತುಗಳು ಅದರಲ್ಲಿದ್ದವು.

ಅಂಕ ಬಂದರೆ ಮದ್ದಾಯಿತೇ? ಇಲ್ಲ. ನಮ್ಮ ಸಾಂಗಲಿ ಪೇಟೆಯ ಅರಿಷಿಣವನ್ನೇ ನೋಡಿ. ಅದರ ಹಳದಿ ಬಣ್ಣಕ್ಕೆ ಕಾರಣ ಕುರ್ಕುಮಿನ್. ಕಂಪ್ಯೂಟರಿನಲ್ಲಿ ಅದು ಎಷ್ಟೋ ಸಲ ಒಳ್ಳೆಯ ಅಂಕ ಪಡೆದಿದೆ. ಆದರೆ ತಿಂದ ಕುರ್ಕುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕಂಪ್ಯೂಟರಿಗೆ ನಮ್ಮ ಹೊಟ್ಟೆ ಅಷ್ಟಾಗಿ ಗೊತ್ತಿಲ್ಲ! ಅದಕ್ಕೇ ಅಂಕ ಬಂದ ವಸ್ತುವನ್ನು ಪ್ರಯೋಗಾಲಯದಲ್ಲಿ, ಪ್ರಾಣಿಗಳಲ್ಲಿ, ಕೊನೆಗೆ ಮನುಷ್ಯರಲ್ಲಿ ಪರೀಕ್ಷಿಸಬೇಕು. ಹೆಚ್ಚಿನವು ನಡುವೆಯೇ ಬಿದ್ದುಹೋಗುತ್ತವೆ.

ಗಿಡದಿಂದ ಮದ್ದಿನ ದಾರಿ ಸಿಕ್ಕಿದ್ದೂ ಉಂಟು. ಯುರೋಪಿನ ಗಲೇಗಾ ಗಿಡದಲ್ಲಿ ಸಕ್ಕರೆ ಇಳಿಸುವ ವಸ್ತು ಇತ್ತು, ಜೊತೆಗೆ ವಿಷವೂ ಇತ್ತು. ಅದನ್ನು ಹೋಲುವ, ವಿಷ ಕಡಿಮೆ ಇರುವ ಮೆಟ್‌ಫಾರ್ಮಿನ್ 1957ರಲ್ಲಿ ರೋಗಿಗಳಿಗೆ ಮದ್ದಾಯಿತು.

ಹಾಗಲಕಾಯಿ ಪಲ್ಯ ತಿನ್ನಿ, ತೊಂದರೆ ಇಲ್ಲ. ಗುಳಿಗೆ ಮಾತ್ರ ಬಿಡಬೇಡಿ. ದಿನಾ ರಸ ಕುಡಿಯುವವರು ಡಾಕ್ಟರಿಗೆ ತಿಳಿಸಿ. ಗುಳಿಗೆಯೂ ರಸವೂ ಸೇರಿ ಸಕ್ಕರೆ ತೀರಾ ಇಳಿಯಬಹುದು. ಆಗ ಕೈ ನಡುಗುತ್ತದೆ, ಬೆವರು ಬರುತ್ತದೆ, ತಲೆ ಸುತ್ತುತ್ತದೆ. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ, ಆಮೇಲೆ ದವಾಖಾನೆಗೆ ಹೋಗಿ. ಅಕಾರ್ಬೋಸ್ ನುಂಗುವವರು ಗ್ಲೂಕೋಸ್ ಪುಡಿಯನ್ನೇ ಕುಡಿಯಬೇಕು. ಮನೆಯ ಸಕ್ಕರೆಯೂ ಕರುಳಿನಲ್ಲಿ ಒಡೆಯಬೇಕಲ್ಲ, ಆ ಗುಳಿಗೆ ಅದನ್ನೂ ತಡೆಯುತ್ತದೆ.