ಯಾವ ವರ್ಷದ ಮಳೆ ದೊಡ್ಡದು?

2025ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ರಂದು. ವಾಡಿಕೆಯ ದಿನ ಜೂನ್ 1. 2009ರ ಬಳಿಕ ಇಷ್ಟು ಬೇಗ ಬಂದದ್ದೇ ಇಲ್ಲ ಎಂದು ಹವಾಮಾನ ಇಲಾಖೆ ಹೇಳಿತು. ನಮ್ಮ ಕಾಸರಗೋಡಿನಲ್ಲಿ ಮೇ ಕೊನೆಯ ವಾರದ ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ. ಅಲ್ಲಿಂದ ಮಳೆ ಹಿಡಿಯುವ ತನಕ ಒಂದಿಷ್ಟು ದಿನ ಎಡೆ ಸಿಗುತ್ತದೆ ಎಂಬುದು ಅಡಿಕೆ ತೋಟದವರ ಹಳೆಯ ಲೆಕ್ಕ. ಕಣಿ ಬಿಡಿಸುವುದು, ಸೌದೆ ಒಳಗೆ ಸೇರಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಗೊನೆಗಳಿಗೆ ಮೊದಲ ಮದ್ದು ಬಿಡುವುದು ಆ ಎಡೆಯಲ್ಲೇ ಆಗಬೇಕು. ಆ ವರ್ಷ ಎಡೆಯೇ ಇರಲಿಲ್ಲ.

ತೋಟಕ್ಕೆ ಬರುವವರು, ಪೆರ್ಲ ಪೇಟೆಯಲ್ಲಿ ಸಿಕ್ಕಿದವರು ಎಲ್ಲರದೂ ಒಂದೇ ಮಾತು: “ಅಕ್ಕಾ, ಇಂಥ ಮಳೆ ನಾವು ಕಂಡದ್ದಿಲ್ಲ.” ಇದೇ ಮಾತನ್ನು ನಾನು 2013ರಲ್ಲಿ ಕೇಳಿದ್ದೇನೆ, 2018ರಲ್ಲೂ ಕೇಳಿದ್ದೇನೆ. ಹೇಳುವವರು ಸುಳ್ಳು ಹೇಳುವುದಿಲ್ಲ. ಆದರೆ ಯಾವ ಮಳೆ ದೊಡ್ಡದು ಎಂದು ತೀರ್ಮಾನಿಸಲು ಮೊದಲು ಯಾವುದನ್ನು ಅಳೆಯಬೇಕು ಎಂಬುದು ಗೊತ್ತಿರಬೇಕು. ಈ ಪ್ರಶ್ನೆ ನನಗೆ ಅಂಟಿದ್ದು ಮಾವನವರಿಂದ. ಪಂಚಾಂಗದ ಅಂಚಿನಲ್ಲಿ ಅವರು ಮಳೆಯ ಸಂಗತಿ ಬರೆದಿಡುತ್ತಿದ್ದರು. ಅಂಕಿಗಳಿಲ್ಲ. “ಆರ್ದ್ರೆಯಲ್ಲಿ ಹೊಳವು ಇಲ್ಲ.” “ತೋಡು ಅಂಗಳದ ಕೆಳಗಿನ ಕಟ್ಟೆಗೆ ಮುಟ್ಟಿತು.” “ಪುಷ್ಯ ಒಣಗಿ ಹೋಯಿತು.” ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನದಾಯಿತು. ನಾನು ಮಳೆಮಾಪಕವನ್ನೂ ಇಟ್ಟೆ. ಬೆಳಗ್ಗೆ ಎಂಟೂವರೆಗೆ ನೋಡಿ ಬರೆಯುತ್ತೇನೆ. ದೇಶದ ಹವಾಮಾನ ಇಲಾಖೆಯ ದಿನವೂ ಆ ಗಳಿಗೆಯಿಂದಲೇ ಶುರುವಾಗುತ್ತದೆ.

ಅಳತೆ ಬಹಳ ಸರಳ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್ ಮಳೆ. ಹಾಗಾದರೆ ಒಂದು ದಿನ 100 ಮಿ.ಮೀ. ಬಿದ್ದರೆ ಒಂದು ಎಕರೆ ತೋಟಕ್ಕೆ ಸುಮಾರು ನಾಲ್ಕು ಲಕ್ಷ ಲೀಟರ್ ಬಂತು ಎಂದಾಯಿತು. ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.5 ಮುಟ್ಟಿದರೆ ಅದಕ್ಕೂ ಮೇಲಿನ ದರ್ಜೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳ ಹಿಂದೆ ಇರುವುದು ಈ ಲೆಕ್ಕ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜೂನ್ ಮತ್ತು ಜುಲೈ ಎರಡೇ ತಿಂಗಳಲ್ಲಿ.

ಈಗ 2018ಕ್ಕೆ ಬರುತ್ತೇನೆ, ಏಕೆಂದರೆ ಹೋಲಿಕೆ ಎಷ್ಟು ಎಚ್ಚರದಿಂದ ಮಾಡಬೇಕು ಎಂಬುದನ್ನು ನನಗೆ ಕಲಿಸಿದ್ದು ಆ ವರ್ಷ. ಕೇರಳದಲ್ಲಿ ನೆರೆಗೆ ನಾನೂರಕ್ಕೂ ಹೆಚ್ಚು ಜನ ಸತ್ತರು. 1924ರ ಜುಲೈಯ ನೆರೆಯ ಬಳಿಕ ಅಂಥದ್ದು ಬಂದಿರಲಿಲ್ಲ. ಕೊಲ್ಲವರ್ಷ 1099ರಲ್ಲಿ ಬಂದುದರಿಂದ ಮಲಯಾಳಿಗಳು ಆ ನೆರೆಯನ್ನು ಇಂದಿಗೂ ‘ತೊಂಬತ್ತೊಂಬತ್ತರ ನೆರೆ’ ಎನ್ನುತ್ತಾರೆ. ಜೂನ್ 1ರಿಂದ ಆಗಸ್ಟ್ 19ರ ವರೆಗೆ ರಾಜ್ಯದಲ್ಲಿ ಬಿದ್ದ ಮಳೆ ಸುಮಾರು 2,347 ಮಿ.ಮೀ., ವಾಡಿಕೆಗಿಂತ ಶೇ. 42 ಹೆಚ್ಚು. ಇಡುಕ್ಕಿಯಲ್ಲಿ ಶೇ. 92 ಹೆಚ್ಚು. ಕಾಸರಗೋಡಿನಲ್ಲಿ? ವಾಡಿಕೆ 2,610, ಬಿದ್ದದ್ದು 2,287. ಶೇ. 12 ಕಡಿಮೆ! ಹದಿನಾಲ್ಕು ಜಿಲ್ಲೆಗಳಲ್ಲಿ ವಾಡಿಕೆಗೆ ಮುಟ್ಟದೆ ಉಳಿದದ್ದು ನಮ್ಮದೊಂದೇ.

ಈ ಎರಡು ಅಂಕಿಗಳನ್ನು ಇನ್ನೊಮ್ಮೆ ಅಕ್ಕಪಕ್ಕ ಇಡಿ. ಇಡೀ ಕೇರಳವನ್ನು ಮುಳುಗಿಸಿದ ಸರಾಸರಿ ಮಳೆಗೂ ನಮ್ಮ ‘ಕಡಿಮೆ’ ಮಳೆಗೂ ಅಂತರ 60 ಮಿ.ಮೀ. ಮಾತ್ರ. ನಮ್ಮ ಗುಡ್ಡೆ, ಬೈಲು, ತೋಡುಗಳು ಅಷ್ಟು ನೀರನ್ನು ಪ್ರತಿ ವರ್ಷ ಹೊತ್ತು ಸಮುದ್ರಕ್ಕೆ ಬಿಡುತ್ತ ಬಂದಿವೆ. ದೊಡ್ಡ ಅಣೆಕಟ್ಟುಗಳೂ ನಮ್ಮಲ್ಲಿಲ್ಲ. ರಾಜ್ಯದ ಸರಾಸರಿ ಹಿಡಿದು ನಮ್ಮ ಮಳೆಗಾಲದ ಬಗ್ಗೆ ಮಾತಾಡುವುದು ಎಷ್ಟು ತಪ್ಪು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 1956ರಲ್ಲಿ ನಾವು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದೆವು. ಮಳೆ ಮಾತ್ರ ಇಂದಿಗೂ ಪುತ್ತೂರು, ಬಂಟ್ವಾಳ, ಸುಳ್ಯದ ಮಳೆಯ ಜತೆಯದು. ನೇತ್ರಾವತಿಯ ಬದಿಯವರು ಹೇಳುವ 1923ರ ಮಾರಿಬೊಳ್ಳ, 1974ರ ಜುಲೈಯ ನೆರೆ, ಇವು ನಮ್ಮ ಹಿರಿಯರ ಬಾಯಲ್ಲೂ ಇದ್ದವು.

ಆದರೆ 2018ರ ಆಗಸ್ಟ್‌ನಲ್ಲಿ ಪಯಸ್ವಿನಿ ಕೆಂಪಾಗಿ ಹರಿಯಿತು. ಅದು ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಸಂಪಾಜೆ, ಸುಳ್ಯ ದಾಟಿ ಬಂದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದೆ. ಜೋಡುಪಾಲದಲ್ಲಿ ಗುಡ್ಡ ಕುಸಿದ ಮಣ್ಣು ನಮ್ಮ ಹೊಳೆಯ ನೀರಿಗೂ ಸೇರಿತು. ಮಳೆಮಾಪಕಕ್ಕೆ ಬೀಳದ ಮಳೆಯೂ ಹೊಳೆಯ ದಾರಿಯಲ್ಲಿ ಮನೆಗೆ ಬರಬಹುದು.

ಇಷ್ಟಾಗಿಯೂ 2018 ಅಡಿಕೆಯವರಿಗೆ ಕೆಟ್ಟ ವರ್ಷ. ಮಹಾಳಿ, ಅಂದರೆ ಕೊಳೆರೋಗ, ತೋಟ ತೋಟಗಳನ್ನೇ ತಿಂದಿತು. 2013ರಲ್ಲೂ ತಿಂದಿತ್ತು. 2013 ಕೇರಳದಲ್ಲಿ ವಾಡಿಕೆಗಿಂತ ಸಾಕಷ್ಟು ಹೆಚ್ಚು ಮಳೆ ಬಂದ ವರ್ಷ. 2018 ನಮ್ಮ ಜಿಲ್ಲೆಗೆ ಕಡಿಮೆ ಬಂದ ವರ್ಷ. ಒಟ್ಟು ಮಳೆ ಒಂದೊಂದು ಕಡೆ, ರೋಗ ಮಾತ್ರ ಎರಡರಲ್ಲೂ. ಇದು ಯಾಕೆ ಎಂದು ತಿಳಿದರೆ ಮಳೆಗಾಲಗಳನ್ನು ಹೋಲಿಸುವ ದಾರಿ ಅರ್ಧ ಸಿಕ್ಕಿದ ಹಾಗೆ.

ಮಹಾಳಿ ತರುವುದು ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿ. ಅದರ ಕಣಗಳು ನೀರಿನಲ್ಲಿ ಈಜಬಲ್ಲವು. ಎಳೆಯ ಕಾಯಿಯ ಮೇಲೆ ತೆಳ್ಳಗೆ ನೀರಿನ ಪದರ ನಿಂತಿದ್ದರೆ ಸಾಕು, ಈಜಿ ಹೋಗಿ ತೊಟ್ಟಿನ ಬಳಿ ಒಳಗೆ ಇಳಿಯುತ್ತವೆ. ಗಾಳಿಯಲ್ಲಿ ತೇವ ತುಂಬಿ, ಸೆಕೆ ಇಳಿದು ಇಪ್ಪತ್ತು-ಇಪ್ಪತ್ತಮೂರು ಡಿಗ್ರಿಯ ತಂಪು ಇದ್ದರೆ ಅವಕ್ಕೆ ಹಬ್ಬ. ಕಾಯಿಗೆ ಮೊದಲು ಕಡುಹಸಿರು ಕಲೆ, ಆಮೇಲೆ ಬಿಳಿ ಬೂಷ್ಟು, ಆಮೇಲೆ ಬುಡದಲ್ಲಿ ರಾಶಿ. ಒಂದೇ ದಿನ 200 ಮಿ.ಮೀ. ಸುರಿದು ಮಾರನೆಯ ದಿನ ಬಿಸಿಲು ಕಾದರೆ ತೋಟ ಅದನ್ನು ತಡೆದುಕೊಳ್ಳುತ್ತದೆ. ದಿನಕ್ಕೆ ಇಪ್ಪತ್ತು-ಮೂವತ್ತು ಮಿ.ಮೀ.ಯಂತೆ ಬಿಡದೆ ಹಿಡಿದರೆ ಕಾಯಿ ಒಣಗುವುದೇ ಇಲ್ಲ. ನಡುನಡುವೆ ಸ್ವಲ್ಪ ಬಿಸಿಲು ಬಂದು ಮತ್ತೆ ಮಳೆ ಬಂದರೆ ರೋಗ ಇನ್ನಷ್ಟು ಹರಡುತ್ತದೆ.

ಮದ್ದು ಇಲ್ಲವೆಂದಲ್ಲ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ರೈತರ ನಡುವೆ ನೆಲೆಗೊಳಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷ ದಾಟಿದರೂ ನಾವು ನಂಬುವುದು ಅದನ್ನೇ. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯ ಸಲ 40-45 ದಿನ ಕಳೆದು. ಕಾಯಿಯ ಮೇಲೆ ಅದು ಒಣಗಿ ನೀಲಿ ಪದರವಾಗಿ ಕೂರಬೇಕು. ಅದಕ್ಕೆ ಹೊಳವು, ಅಂದರೆ ಮಳೆಯ ನಡುವಿನ ಬಿಡುವು, ಬೇಕು. ಮರ ಒದ್ದೆಯಾಗಿದ್ದರೆ ಹತ್ತುವವರ ಜೀವಕ್ಕೇ ಅಪಾಯ. ಈಗ ನೆಲದಲ್ಲಿ ನಿಂತೇ ಕಾರ್ಬನ್ ಫೈಬರ್ ದೋಟಿಯಿಂದ ಬಿಡುತ್ತಾರೆ, ಆದರೆ ಸುರಿಯುವ ಮಳೆಯಲ್ಲಿ ದೋಟಿ ಹಿಡಿದೂ ಪ್ರಯೋಜನವಿಲ್ಲ.

ಅದಕ್ಕೇ ನನ್ನ ಪುಸ್ತಕದಲ್ಲಿ ಮಿಲಿಮೀಟರ್ ಕಾಲಂನ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ: ಹೊಳವು. ದಿನದಲ್ಲಿ ಅಂಗಳ ಒಣಗಿತೇ, ಇಲ್ಲವೇ. ಅಡಿಕೆಯವರ ಮಳೆಗಾಲ ಇರುವುದು ಆ ಕಾಲಂನಲ್ಲಿ. ಮಾವ ಅಂಕಿ ಬರೆಯದೆ “ಹೊಳವು ಇಲ್ಲ” ಎಂದು ಬರೆದದ್ದು ಅಳತೆ ಗೊತ್ತಿಲ್ಲದೆ ಅಲ್ಲ, ಅವರಿಗೆ ಬೇಕಾದ ಅಳತೆ ಅದೇ ಆಗಿತ್ತು.

ಈ ತಾಪತ್ರಯ ನಮ್ಮದು ಮಾತ್ರವೂ ಅಲ್ಲ. ನಮ್ಮ ಕುಟುಂಬದ ಹುಡುಗನೊಬ್ಬ 2010ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿದ್ದ. ಹಿಮ ಬಿದ್ದು ವಿಮಾನ ನಿಲ್ದಾಣ ಮುಚ್ಚಿ ಊರಿಗೆ ಬರಲಾಗದೆ ಉಳಿದ. ನೂರು ವರ್ಷಗಳಲ್ಲಿ ಅಂಥ ಡಿಸೆಂಬರ್ ಬಂದಿಲ್ಲ ಎಂದು ಫೋನಿನಲ್ಲಿ ಹೇಳಿದ. ಅದು ನಿಜವೇ. ಆದರೆ ಫೆಬ್ರವರಿಗೆ ಚಳಿ ಇಳಿದಿತ್ತು. ಇಡೀ ಚಳಿಗಾಲವನ್ನು ಲೆಕ್ಕ ಹಾಕಿದರೆ ಅದು ದಾಖಲೆಯ ಹತ್ತಿರವೂ ಹೋಗಲಿಲ್ಲ. ಇದನ್ನು ಅಲ್ಲಿನವರು ಅಷ್ಟು ಖಂಡಿತವಾಗಿ ಹೇಳಬಲ್ಲರು, ಏಕೆಂದರೆ ಮಧ್ಯ ಇಂಗ್ಲೆಂಡಿನ ತಾಪಮಾನದ ಸರಣಿ 1659ರಿಂದ ಇದೆ. ಗಾರ್ಡನ್ ಮ್ಯಾನ್ಲಿ ಎಂಬವರು ಹಳೆಯ ದಿನಚರಿಗಳನ್ನು, ಖಾಸಗಿ ಟಿಪ್ಪಣಿಗಳನ್ನು ಹುಡುಕಿ ಜೋಡಿಸಿ ಅದನ್ನು ಕಟ್ಟಿದರು. ಆ ಸರಣಿಯಲ್ಲಿ 1962-63ರ ಚಳಿಗಾಲದ ಸರಾಸರಿ ಮೈನಸ್ 0.3 ಡಿಗ್ರಿ, 1740ರ ಬಳಿಕ ಅತಿ ಚಳಿಯದ್ದು. ಆದರೂ ಅಲ್ಲಿನ ಹಿರಿಯರು 1947ನ್ನು ಅದಕ್ಕಿಂತ ಕಷ್ಟದ್ದೆಂದು ನೆನೆಯುವುದುಂಟು. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ, ಕಲ್ಲಿದ್ದಲಿಗೆ ಬರ, ಊಟಕ್ಕೆ ರೇಷನ್, ಮೇಲಿಂದ ವಾರಗಟ್ಟಲೆ ಹಿಮ, ಮಾರ್ಚ್‌ನಲ್ಲಿ ಅದು ಕರಗಿ ನೆರೆ. ಚಳಿಯ ಅಳತೆ ಒಂದು, ಜನ ಪಟ್ಟ ಪಾಡಿನ ಅಳತೆ ಇನ್ನೊಂದು. ಎರಡೂ ಬರೆದಿಟ್ಟದ್ದರಿಂದ ಅವರಿಗೆ ಎರಡೂ ಗೊತ್ತು.

ನಮ್ಮಲ್ಲೂ ದಾಖಲೆ ಇಲ್ಲವೆಂದಲ್ಲ. 1916ರಲ್ಲಿ ಮದ್ರಾಸ್ ಸರಕಾರ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ತೆರೆಯಿತು. ಅದೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. ಅಲ್ಲಿ ಮಳೆಯ ಲೆಕ್ಕ ಇಡುತ್ತಾರೆ, ಪಿಲಿಕ್ಕೋಡಿನ ಕೃಷಿ ಸಂಶೋಧನಾ ಕೇಂದ್ರದಲ್ಲೂ ಇಡುತ್ತಾರೆ. ಆದರೆ ಎರಡೂ ಕರಾವಳಿಯ ಹತ್ತಿರ. ಸಮುದ್ರದ ಗಾಳಿ ಪೂರ್ವದ ಗುಡ್ಡೆಗಳಿಗೆ ಏರಿ ತಣಿದು ಸುರಿಯುವ ಮಳೆ ಬೇರೆ. ಕಾಸರಗೋಡು ಪೇಟೆಯಲ್ಲಿ ಬಿಸಿಲಿದ್ದಾಗ ಪೊಸಡಿಗುಂಪೆ ಗುಡ್ಡೆ ಮೋಡದಲ್ಲಿ ಮುಚ್ಚಿರುವುದು ಮಳೆಗಾಲದಲ್ಲಿ ದಿನದ ನೋಟ. ಜಿಲ್ಲೆಗೆ ಕೆಂಪು ಎಚ್ಚರಿಕೆ ಎಂದು ರೇಡಿಯೊ ಹೇಳಿದಾಗ ಅದು ಎಣ್ಮಕಜೆಗೋ ಹೊಸದುರ್ಗಕ್ಕೋ ಎಂದು ತಿಳಿಯುವುದಿಲ್ಲ.

ಇನ್ನು ನೀರಿನ ವಿಷಯ. ಇದನ್ನು ಬಿಟ್ಟರೆ ನಮ್ಮ ಮಳೆಯ ಕಥೆ ಅರ್ಧವೇ. ಬಾಯಾರು, ಪಡ್ರೆ, ಶೇಣಿ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಮುರಕಲ್ಲು ಹೀರಿದ ನೀರು ಅವುಗಳಲ್ಲಿ ಜಿನುಗಿ ಬರುತ್ತದೆ, ಪಂಪು ಬೇಡ, ಹಗ್ಗ ಬೇಡ. ಸುರಂಗಕ್ಕೆ ಬೇಕಾದದ್ದು ನಿಧಾನದ ಮಳೆ. ನಾಲ್ಕು ಗಂಟೆಯಲ್ಲಿ ಸುರಿದದ್ದು ಗುಡ್ಡದ ಮೇಲಿಂದ ಜಾರಿ ತೋಡಿಗೆ ಬಿದ್ದು ಸಂಜೆಯೊಳಗೆ ಹೊಳೆಗೆ ಸೇರುತ್ತದೆ. ವಾರವಿಡೀ ಜಿನುಗಿದ್ದು ಪದವಿನಲ್ಲಿ ಇಂಗಿ ಏಪ್ರಿಲ್‌ಗೂ ಉಳಿಯುತ್ತದೆ. ಮಹಾಳಿ ತರುವ ಜಡಿಮಳೆಯೇ ಸುರಂಗಕ್ಕೆ ಒಳ್ಳೆಯದು! ಹೀಗಾಗಿ ಒಂದೇ ಮಳೆಗಾಲ ಒಂದೇ ಮನೆಯ ತೋಟಕ್ಕೆ ಕೆಟ್ಟದಾಗಿ, ಅಡುಗೆಮನೆಗೆ ಒಳ್ಳೆಯದಾಗಬಹುದು. 3,500 ಮಿ.ಮೀ. ಬೀಳುವ ಜಿಲ್ಲೆಯ ಕೇಂದ್ರದಲ್ಲಿ, ಬಾವಿಕ್ಕೆರೆಯಲ್ಲಿ ಹೊಳೆಗೆ ಶಾಶ್ವತ ತಡೆ ಕಟ್ಟುವ ತನಕ, ಬೇಸಗೆಯಲ್ಲಿ ನಳ್ಳಿಯಿಂದ ಉಪ್ಪುನೀರು ಬರುತ್ತಿತ್ತು ಎಂದರೆ ಒಟ್ಟು ಮಳೆಯ ಅಂಕಿಯನ್ನು ಎಷ್ಟು ನಂಬಬೇಕು ಎಂದು ನೀವೇ ನೋಡಿ.

ಮಳೆ ಬದಲಾಗಿದೆಯೇ ಎಂದು ಮಕ್ಕಳು ಕೇಳುತ್ತಾರೆ. 1871ರಿಂದಿನ ದಾಖಲೆ ನೋಡಿದ ಅಧ್ಯಯನದಲ್ಲಿ ಕೇರಳದ ಮುಂಗಾರಿನ ಒಟ್ಟು ಮಳೆ ಇಳಿಮುಖವಾಗಿರುವುದು ಕಂಡಿದೆ, ಹಿಂಗಾರು ಏರಿದೆ. ಅತ್ತ ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಬಿಸಿ ಸಮುದ್ರದ ಮೇಲಿನ ಗಾಳಿ ಹೆಚ್ಚು ತೇವ ಹೊತ್ತು ತರುತ್ತದೆ, ತಂದದ್ದನ್ನು ಕೆಲವೇ ಗಂಟೆಗಳಲ್ಲಿ ಇಳಿಸುತ್ತದೆ. 2023ರ ಆಗಸ್ಟ್ 1901ರ ಬಳಿಕ ದೇಶಕ್ಕೆ ಅತ್ಯಂತ ಒಣ ಆಗಸ್ಟ್. ಆಟಿ ತಿಂಗಳಲ್ಲಿ ಅಂಗಳಕ್ಕೆ ಧೂಳು ಎದ್ದದ್ದನ್ನು ಆ ವರ್ಷ ನಾನೂ ಬರೆದಿದ್ದೇನೆ. ಅದರ ಮರುವರ್ಷ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದವು.

ನೆಲವೂ ಬದಲಾಗಿದೆ. 2025ರ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಕುಸಿಯಿತು. ಕಡಿದು ನಿಲ್ಲಿಸಿದ ಗುಡ್ಡದ ಮೇಲೆ ಬಿದ್ದ ಮಳೆಯನ್ನು, ಕಾಡು ಹೊದ್ದಿದ್ದ ಗುಡ್ಡದ ಮೇಲೆ ಹಿಂದೆ ಬಿದ್ದ ಮಳೆಯೊಂದಿಗೆ ಬರೀ ಮಿಲಿಮೀಟರ್ ನೋಡಿ ಹೋಲಿಸಿದರೆ ಸತ್ತವರಿಗೂ ಬದುಕಿದವರಿಗೂ ಅನ್ಯಾಯ. ಈ ವಿಷಯದಲ್ಲಿ ನನಗೆ ಸಿಟ್ಟಿದೆ. ಪ್ರತಿ ಕುಸಿತಕ್ಕೂ “ಹಿಂದೆಂದೂ ಕಾಣದ ಮಳೆ” ಎಂದು ಕಾರಣ ಕೊಡುವವರು ಹಿಂದಿನ ಮಳೆ ಎಷ್ಟಿತ್ತು ಎಂದು ತೋರಿಸಬೇಕು.

ತೋರಿಸಲು ಊರಿನ ಲೆಕ್ಕ ಬೇಕು. ದಕ್ಷಿಣ ಕನ್ನಡದಲ್ಲೂ ನಮ್ಮಲ್ಲೂ ಮನೆಯಲ್ಲೇ ದಶಕಗಳಿಂದ ಮಳೆ ಅಳೆಯುವ ಕೃಷಿಕರಿದ್ದಾರೆ. ಒಂದು ಶಾಲೆಗೆ ಒಂದು ಮಾಪಕ ಇಟ್ಟು ಮಕ್ಕಳಿಂದ ಬರೆಸುವುದು ಪಂಚಾಯತಿಗೆ ದೊಡ್ಡ ಖರ್ಚಲ್ಲ. ಮರದಿಂದ, ಮಾಡಿನಿಂದ ದೂರ, ಬಯಲಲ್ಲಿ ಇಡಬೇಕು. ದಿನವೂ ಒಂದೇ ಹೊತ್ತಿಗೆ ನೋಡಬೇಕು. ಮಳೆ ಇಲ್ಲದ ದಿನ ಸೊನ್ನೆ ಎಂದೇ ಬರೆಯಬೇಕು, ಖಾಲಿ ಬಿಡಬಾರದು. ಹಾಗೆಯೇ, ಅಟ್ಟದಲ್ಲಿ ಹಳೆಯ ಪಂಚಾಂಗ, ತೋಟದ ಕೂಲಿ ಪುಸ್ತಕ ಇದ್ದರೆ ಗೆದ್ದಲು ಮುಗಿಸುವ ಮೊದಲು ಇಳಿಸಿ ನೋಡಿ. ಮದ್ದು ಬಿಟ್ಟ ದಿನ, ಕಟ್ಟ ಕಟ್ಟಿದ ದಿನ, ಸುರಂಗದ ನೀರು ಸಪೂರವಾದ ದಿನ, ನಾಟಿ ತಡವಾದ ವರ್ಷ, ಇವೆಲ್ಲ ಅಲ್ಲಿರುತ್ತವೆ. ಪುಟಗಳ ಫೋಟೊ ತೆಗೆದು, ಇಸವಿ ಮತ್ತು ಊರಿನ ಹೆಸರು ಸೇರಿಸಿ, ಹತ್ತಿರದ ವಾಚನಾಲಯಕ್ಕೆ ಒಂದು ಪ್ರತಿ ಕೊಡಿ.