ದ್ವೀಪದ ಗಿಳಿಗೊಂದು ಬಾಣಂತನ

ಮಾರಿಷಸ್ಸಿನ ಊರುಕೇರಿಯಲ್ಲಿ ಹಸಿರು ಗಿಳಿಯೊಂದು ಕಿರುಚುತ್ತ ಹಾರಿಹೋದರೆ ಇಲ್ಲಿಂದ ಹೋದ ಪ್ರವಾಸಿ ತಲೆಯೆತ್ತಿ ನೋಡುವುದೂ ಅನುಮಾನ. ಹಿತ್ತಲ ಸೀಬೆಮರದಲ್ಲಿ ದಿನಾ ಕಂಡ ಹಕ್ಕಿಯೇ ತಾನೆ! ನಿಜಕ್ಕೂ ಅದು ನಮ್ಮದೇ ಗಿಳಿ. 19ನೇ ಶತಮಾನದಲ್ಲಿ ಪಂಜರದಲ್ಲಿ ಹಡಗು ಹತ್ತಿ ಹೋದದ್ದು, ಅಲ್ಲಿ ತಪ್ಪಿಸಿಕೊಂಡು ಸಂಸಾರ ಹೂಡಿತು. ದ್ವೀಪದ ಮೂಲ ಒಕ್ಕಲು ಬೇರೆಯೇ ಇದೆ. ಅದು ನೈರುತ್ಯ ಮೂಲೆಯ ಬ್ಲ್ಯಾಕ್ ರಿವರ್ ಕಣಿವೆಗಳ ಕಾಡಿನೊಳಗೆ ಅಡಗಿದೆ. ಹೆಸರು ಎಕೋ ಗಿಳಿ.

ಎರಡೂ ಹತ್ತಿರದ ಬಳಗ. ಯಾವುದೋ ಕಾಲದಲ್ಲಿ ಕಡಲು ದಾಟಿದ ಹಕ್ಕಿಗಳ ಸಂತತಿ ದ್ವೀಪದಲ್ಲೇ ನಿಂತು ಬೇರೆಯದೇ ಜಾತಿಯಾಯಿತು. ಇದರ ಹಸಿರು ಗಾಢ, ಮೈ ದುಂಡಗೆ, ಬಾಲ ಮೋಟು, ದನಿಯೂ ತಗ್ಗು. ನಮ್ಮಲ್ಲಿ ಗಂಡು ಹೆಣ್ಣು ಎರಡಕ್ಕೂ ಕೆಂಪು ಕೊಕ್ಕು. ಎಕೋದಲ್ಲಿ ಗಂಡಿನ ಮೇಲ್ಕೊಕ್ಕು ಮಾತ್ರ ಕೆಂಪು, ಹೆಣ್ಣಿನದು ಕಪ್ಪು. ಸುತ್ತಲಿನ ದ್ವೀಪಗಳಲ್ಲಿ ಬೇರೆ ಬೇರೆ ಗಿಳಿಗಳಿದ್ದವು. ಎಲ್ಲವೂ ಡೋಡೋ ಹಿಡಿದ ದಾರಿಯನ್ನೇ ಹಿಡಿದವು. ಉಳಿದದ್ದು ಇದೊಂದೇ.

ಅದೂ ಉಳಿಯುವುದಿತ್ತೆಂದಲ್ಲ. ಕಬ್ಬಿನ ಗದ್ದೆಗಳು ಕಾಡನ್ನು ನುಂಗಿದವು. ಮಿಕ್ಕ ಚೂರುಪಾರಿನೊಳಗೆ ಹೊರಗಿನಿಂದ ಬಂದ ಸೀಬೆಜಾತಿಯ ಪೊದೆ ಹಬ್ಬಿ ನಾಡಮರಗಳ ಸಸಿ ಏಳದಂತೆ ಮಾಡಿತು. ಹಡಗಿನಲ್ಲಿಳಿದ ಇಲಿ, ಮಂಗಗಳಿಗೆ ಮೊಟ್ಟೆಯ ರುಚಿ ಹತ್ತಿತು. 1980ರ ದಶಕದಲ್ಲಿ ಎಣಿಸಿದರೆ ಸಿಕ್ಕಿದ್ದು ಹತ್ತರ ಆಸುಪಾಸು ಗಿಳಿ. ಅದರಲ್ಲಿ ಹೆಣ್ಣು ಬೆರಳೆಣಿಕೆಯಷ್ಟು.

1979ರಲ್ಲಿ ಈ ದ್ವೀಪಕ್ಕೆ ಬಂದ ವೇಲ್ಸಿನ ಜೀವಶಾಸ್ತ್ರಜ್ಞ ಕಾರ್ಲ್ ಜೋನ್ಸ್ ಮತ್ತು ಅವರ ಸಂಗಡಿಗರು ಮಾಡಿದ್ದನ್ನು ‘ಸಂರಕ್ಷಣೆ’ ಎನ್ನುವುದಕ್ಕಿಂತ ಬಾಣಂತನ ಎನ್ನುವುದೇ ಸರಿ ಎಂದು ನನಗನಿಸುತ್ತದೆ. ಕೆಲಸವೆಲ್ಲ ಅಂಥದ್ದೇ. ಗೂಡಿರುವ ಮರದ ಕಾಂಡಕ್ಕೆ ಇಲಿಯ ಉಗುರು ನಿಲ್ಲದ ನುಣುಪು ಪ್ಲಾಸ್ಟಿಕ್ ಸುತ್ತುವುದು. ಪಕ್ಕದ ಮರದಿಂದ ಮಂಗ ಜಿಗಿಯದಂತೆ ಕೊಂಬೆ ಕಡಿಯುವುದು. ಮರಿಗಳ ರಕ್ತ ಹೀರುವ ನೊಣದ ಹುಳುಗಳಿಗೆ ಪೊಟರೆಯೊಳಗೆ ಔಷಧಿ ಹಾಕುವುದು. ಮಳೆನೀರು ನುಗ್ಗುವ ಬಾಯಿಗೆ ಮರೆ ಕಟ್ಟುವುದು.

ಇನ್ನೊಂದು ಸೂಕ್ಷ್ಮವೂ ಅವರ ಗಮನಕ್ಕೆ ಬಂತು. ತಾಯಿ ಎರಡರಿಂದ ನಾಲ್ಕು ಮೊಟ್ಟೆ ಇಟ್ಟರೂ ಕಾಡಿನ ಬಡತನದಲ್ಲಿ ಸಾಮಾನ್ಯವಾಗಿ ಒಂದೇ ಮರಿ ದಕ್ಕುತ್ತಿತ್ತು. ಕೊನೆಗೆ ಹುಟ್ಟಿದವು ಹಸಿವಿಗೆ ಬಲಿ. ಸರಿ, ಹೇಗೂ ಸಾಯುವ ಆ ಮರಿಗಳನ್ನೇ ಎತ್ತಿ ತಂದರು. ಮೊಟ್ಟೆ ಕೆಟ್ಟು ಬರಿಗೂಡು ಕಾಯುತ್ತಿದ್ದ ಜೋಡಿಗೆ ಕೆಲವನ್ನು ದತ್ತು ಕೊಟ್ಟರು. ಉಳಿದವಕ್ಕೆ ಕೈತುತ್ತು.

1997ರಿಂದ ಕೈಯಲ್ಲಿ ಬೆಳೆದ ಗಿಳಿಗಳನ್ನು ಕಾಡಿಗೆ ಬಿಡತೊಡಗಿದರು. ಇವಕ್ಕೆ ಮನುಷ್ಯನೆಂದರೆ ಅತಿ ಸಲುಗೆ, ನೆಲಕ್ಕಿಳಿಯಲೂ ಅಂಜಿಕೆಯಿಲ್ಲ. ಮುದ್ದಿನಿಂದ ಕೆಟ್ಟ ಮಕ್ಕಳು ಎನ್ನಬಹುದಿತ್ತು. ಆದರೆ ಆ ಸಲುಗೆಯೇ ಕೆಲಸಕ್ಕೆ ಬಂತು. ಮರಕ್ಕೆ ತೂಗುಹಾಕಿದ್ದ ಕಾಳಿನ ಡಬ್ಬಿಯ ಹತ್ತಿರ ಕಾಡುಗಿಳಿ ಸುಳಿಯುತ್ತಿರಲಿಲ್ಲ, ಹಲಗೆಯ ಗೂಡನ್ನೂ ಒಪ್ಪುತ್ತಿರಲಿಲ್ಲ. ಸಾಕಿದವು ಎರಡಕ್ಕೂ ಸಲೀಸಾಗಿ ಹೊಂದಿಕೊಂಡವು. ಅವನ್ನು ನೋಡಿ ಉಳಿದವೂ ಕಲಿತವು.

2005ರ ಸುಮಾರಿಗೆ ಕೊಕ್ಕು-ಗರಿ ರೋಗ ಎಂಬ ವೈರಾಣುವಿನ ಬೇನೆ ಬಂದಾಗ ಈ ಉಪಚಾರವೇ ಅಪಾಯವಾಯಿತು. ಒಂದು ಗೂಡು ಮುಟ್ಟಿದ ಕೈ ಇನ್ನೊಂದು ಗೂಡಿಗೆ ಸೋಂಕು ಒಯ್ಯಬಹುದು. ಹಾಗಾಗಿ ಮರಿ ಎತ್ತುವುದನ್ನು ನಿಲ್ಲಿಸಿ ದೂರ ನಿಂತರು. ಅಂಥ ನಿರ್ಧಾರಕ್ಕೆ ಮರ ಹತ್ತುವುದಕ್ಕಿಂತ ಹೆಚ್ಚಿನ ಗಟ್ಟಿತನ ಬೇಕು. ಅಷ್ಟರಲ್ಲಿ ಗಿಳಿಗಳು ತಮ್ಮ ಕಾಲ ಮೇಲೆ ನಿಂತಿದ್ದವು. 2007ರಲ್ಲಿ ಅವು ತೀವ್ರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಇಳಿದವು, 2019ರಲ್ಲಿ ಇನ್ನೊಂದು. ಆಗ ಕಾಡಿನಲ್ಲಿದ್ದ ಗಿಳಿಗಳು 750ರಷ್ಟು. ಈಗ ಪೂರ್ವದ ಬೆಟ್ಟಸಾಲಿನಲ್ಲೂ ಒಂದು ಶಾಖೆ ಇದೆ.

ನಮ್ಮ ಗಿಳಿಯೊಂದಿಗಿನ ಜಗಳ ಮಾತ್ರ ಮುಗಿದಿಲ್ಲ. ಎರಡೂ ಪೊಟರೆಯಲ್ಲೇ ಮರಿ ಮಾಡುವವು. ಇಲ್ಲಿಂದಲೇ ಹೋದ ಗೊರವಂಕಕ್ಕೂ ಅದೇ ಬೇಕು. ಜೇನೂ ಬಂದು ಸೇರಿಕೊಳ್ಳುತ್ತದೆ. ಒಂದು ನಾಡಮರ ಪೊಟರೆ ಬಿಡುವಷ್ಟು ಮುಪ್ಪಾಗಲು ಎಷ್ಟೋ ತಲೆಮಾರು ಬೇಕು. ಅಲ್ಲಿಯವರೆಗೆ ಹಲಗೆಯ ಗೂಡುಗಳೇ ಗತಿ. ಅವನ್ನು ಮಳೆಗಾಲ ಮುಗಿದಾಗೊಮ್ಮೆ ಯಾರಾದರೂ ಹತ್ತಿ ದುರಸ್ತಿ ಮಾಡಬೇಕು.