ಬೀದರಿನ ನೆಲದೊಳಗಣ ಜಲಪಥ
ಶಿರಾ ಸೀಮೆಯ ಮದಲೂರಿನಂತಹ ಊರುಗಳಲ್ಲಿ, ಮಳೆನೀರನ್ನು ಕೆರೆಯ ಏರಿಯ ಹಿಂದೆ ತಡೆದು ನಿಲ್ಲಿಸುವ ಪದ್ಧತಿಯನ್ನೇ ಕಂಡು ಬೆಳೆದವರಿಗೆ, ಪುರಾತನ ಬೀದರ್ ನಗರದ ಹೊರವಲಯದ ನೌಬಾದಿನಲ್ಲಿ ಭೂಗರ್ಭದೊಳಗೇ ನೀರನ್ನು ನಡೆಸಿದ ‘ಕರೇಜ್’ ಸುರಂಗವು ಮಹದಾಶ್ಚರ್ಯವನ್ನುಂಟುಮಾಡುವುದು. ಹದಿನೈದನೆಯ ಶತಮಾನದಲ್ಲಿ, ಅಹಮದ್ ಷಾ ಬಹಮನಿಯು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿದ ತರುವಾಯ, ಪಾರಸೀಕರ ಜಲವಿದ್ಯೆಯು ಇಲ್ಲಿ ಬೇರೂರಿತು.

ಮಾರ್ಗದರ್ಶಕನೊಡನೆ ಹೊರಟವನು ಮೊದಲು ನೋಡಬೇಕಾದುದು ನೆಲದ ಮೇಲೆ ಸಾಲಾಗಿ ತೋರುವ ಬಾವಿಯಂತಹ ಕಂಡಿಗಳನ್ನು. ಅಗೆದ ಮಣ್ಣನ್ನು ಮೇಲೆತ್ತುವುದಕ್ಕೂ ಒಳಗೆ ಗಾಳಿ ಬೆಳಕು ಸಲ್ಲುವುದಕ್ಕೂ ಅವೇ ದ್ವಾರಗಳು. ಸಚ್ಛಿದ್ರವಾದ ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಅಡಿಯ ಕಪ್ಪುಶಿಲೆಯನ್ನು ಸುಲಭವಾಗಿ ದಾಟಲಾರದೆ ನಿಲ್ಲುವುದನ್ನರಿತು, ಆ ಸಂಚಯದಿಂದ ಅತ್ಯಲ್ಪ ಇಳಿಜಾರಿನಲ್ಲಿ ಕಾಲುವೆಯನ್ನು ಕೊರೆದುದರಿಂದ, ಏತ ಕಪಿಲೆಗಳ ನೆರವಿಲ್ಲದೆಯೇ ನೀರು ತಾನಾಗಿ ಹರಿಯಿತು. ಬಿಸಿಲಿಗೆ ಆವಿಯಾಗಿ ಹೋಗುವ ಭಯವೂ ತಪ್ಪಿತು. ಶಿಲೆಯ ಸ್ವಭಾವವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಆ ಅಜ್ಞಾತ ಕರ್ಮಿಗಳು ನಮ್ಮ ವಂದನೆಗೆ ಅರ್ಹರು.

ಇಂತಹವೇ ನೆಲದೊಳಗಣ ಜಲಪಥಗಳಾದ ಇರಾನಿನ ಹನ್ನೊಂದು ಕನಾತ್‌ಗಳು 2016ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಅವುಗಳದೇ ಕುಲದ ನಮ್ಮ ಕರೇಜಿನ ಕಂಡಿಗಳು ಮುಚ್ಚಿಹೋಗದಂತೆ, ಅವುಗಳ ಮೇಲೆ ಕಟ್ಟಡಗಳೇಳದಂತೆ ಕಾಯುವುದು ತುರ್ತಿನ ಕಾರ್ಯವಾಗಿದೆ.